ಬಾಲಣ್ಣನ ಪಾಲು



ಕನ್ನಡ ಚಿತ್ರರಂಗದ ಒಬ್ಬ ಕಲಾವಿದರ ಬಗ್ಗೆ ಮಾತನಾಡಬೇಕು ಎಂದಷ್ಟೇ ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದ್ದರು. ಹೆಸರು ಕೇಳಿದಾಗ ಟಿ.ಎನ್. ಬಾಲಕೃಷ್ಣ ಎಂದೆ. ಫೋನಿನಲ್ಲಿ ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ಅಂದ್ರೆ ನಮ್ಮ ಬಾಲಣ್ಣ ತಾನೇ ಸಾರ್?" ಎಂದರು. ಹೌದು, ಅವರೇ. ಪೂರ್ತಿ ಹೆಸರು ಹೇಳಿದರೆ ಯಾರೋ ನಿವೃತ್ತ ಅಧಿಕಾರಿ ಎನ್ನಿಸುತ್ತದೆ, ಬಾಲಣ್ಣ ಎಂದರೆ ಮುಖ ಕಣ್ಣ ಮುಂದೆ ಬರುತ್ತದೆ. ಪೋಷಕ ನಟರ ಕಥೆಯೇ ಹಾಗೆ.

ವಸಂತಪುರ, ಉತ್ತರಹಳ್ಳಿಯ ಈ ಭಾಗದಲ್ಲಿ ನಿಂತು ಅವರ ಬಗ್ಗೆ ಮಾತನಾಡಲು ಒಂದು ಭೌಗೋಳಿಕ ಕಾರಣವೂ ಇದೆ. ಇಲ್ಲಿಂದ ಉತ್ತರಹಳ್ಳಿ ದಾಟಿ ಕೆಂಗೇರಿ ರಸ್ತೆ ಹಿಡಿದರೆ, ತುರಹಳ್ಳಿ ಕಾಡಿನ ಆಚೆಗೆ ಮೈಲಸಂದ್ರ. ಅಲ್ಲೇ ಅಭಿಮಾನ್ ಸ್ಟುಡಿಯೋ. ನಿಮ್ಮ ಮಕ್ಕಳಿಗೆ ಅದು ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರವಾದ ಜಾಗ. 2009ರ ಡಿಸೆಂಬರ್ 30ರಂದು ಈ ಭಾಗದ ರಸ್ತೆಗಳು ಹೇಗಿದ್ದವೆಂದು ಇಲ್ಲಿ ಕೂತವರಲ್ಲಿ ಹಲವರಿಗೆ ನೆನಪಿರಬೇಕು. ಆದರೆ ಆ ಸ್ಟುಡಿಯೋ ಕಟ್ಟಿದವರು ಯಾರು ಎಂದು ಕೇಳಿದರೆ ಉತ್ತರ ಬರುವುದು ನಿಧಾನ. ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ, ಕಿವಿ ಸರಿಯಾಗಿ ಕೇಳದ, ಒಂದು ಕಾಲಕ್ಕೆ ಬೋರ್ಡು ಬರೆದು ಹೊಟ್ಟೆ ಹೊರೆದ ಒಬ್ಬ ಪೋಷಕ ನಟ ಅದನ್ನು ಕಟ್ಟಿದ್ದು.

ಐನೂರು ಚಿತ್ರ ಎಂದ ತಕ್ಷಣ ನಾವು ಬೆರಗಾಗುತ್ತೇವೆ. ನಾನು ಆ ಸಂಖ್ಯೆಯಿಂದ ಶುರು ಮಾಡಲಾರೆ, ಏಕೆಂದರೆ ಅದರಿಂದ ಏನೂ ತಿಳಿಯುವುದಿಲ್ಲ. ನಾಯಕನಟನ ವೃತ್ತಿಜೀವನವನ್ನು ಚಿತ್ರಗಳ ಹೆಸರಿನಿಂದ ಹೇಳಬಹುದು. ರಾಜ್‌ಕುಮಾರ್ ಎಂದರೆ 'ಬೇಡರ ಕಣ್ಣಪ್ಪ', 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಎಂದು ಸಾಲಾಗಿ ಹೇಳಿದರೆ ಒಂದು ಬೆಳವಣಿಗೆ ಕಾಣುತ್ತದೆ. ಪೋಷಕ ನಟನಿಗೆ ಈ ಅಳತೆ ಒಗ್ಗದು. ಅವನ ಕೆಲಸ ದೃಶ್ಯದೊಳಗೆ ಇರುತ್ತದೆ, ಅದೂ ಹೆಚ್ಚಾಗಿ ಬೇರೆಯವರು ಮಾತನಾಡುವಾಗ. ಅಲ್ಲಿ ಅವನು ಏನು ಮಾಡುತ್ತಿದ್ದ ಎಂದು ನೋಡದೆ ಅವನ ಬಗ್ಗೆ ಮಾತನಾಡುವುದು ಬರೀ ಜಾತಕ ಓದಿದ ಹಾಗೆ.

ಬಾಲಕೃಷ್ಣ ಹುಟ್ಟಿದ್ದು ಅರಸೀಕೆರೆಯಲ್ಲಿ, ಕಳೆದ ಶತಮಾನದ ಎರಡನೇ ದಶಕದಲ್ಲಿ. ತಂದೆಯ ಕಾಯಿಲೆ, ಮನೆಯ ಬಡತನ, ತಾಯಿ ಮಗನನ್ನು ಬೇರೊಂದು ಮನೆಗೆ ಒಪ್ಪಿಸಿದ್ದು, ಇವೆಲ್ಲ ಚಿತ್ರರಂಗದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ಅದನ್ನು ಹಿಗ್ಗಿಸಿ ಹೇಳಿ ಸಭೆಯ ಕಣ್ಣು ಒದ್ದೆ ಮಾಡುವುದು ಸುಲಭ. ನಮ್ಮ ಕಲಾವಿದರ ಬಗ್ಗೆ ಬರೆಯುವವರಿಗೆ ಈ ಚಟ ವಿಪರೀತ. ಮೊದಲ ಅಧ್ಯಾಯದಲ್ಲಿ ಬಡತನ, ಕೊನೆಯ ಅಧ್ಯಾಯದಲ್ಲಿ ಆಸ್ಪತ್ರೆ, ನಡುವೆ ಪ್ರಶಸ್ತಿಗಳ ಪಟ್ಟಿ. ಕೆಲಸದ ಮಾತೇ ಇರುವುದಿಲ್ಲ. ಆ ಬಾಲ್ಯದಿಂದ ನಮ್ಮ ವಿಷಯಕ್ಕೆ ಬೇಕಾದದ್ದು ಎರಡೇ ಸಂಗತಿ. ಚಿಕ್ಕಂದಿನಿಂದಲೇ ಕಿವಿ ಮಂದವಾಗಿತ್ತು, ಮತ್ತು ನಾಟಕದ ಹುಚ್ಚು ಹತ್ತಿತ್ತು.

ಕಿವಿ ಕೇಳದ ಹುಡುಗನಿಗೆ ಕಂಪನಿ ನಾಟಕದಲ್ಲಿ ಏನು ಕೆಲಸ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಂದಿನವರಿಗೆ ಕಂಪನಿ ನಾಟಕದ ಒಳಗಿನ ವ್ಯವಸ್ಥೆ ಗೊತ್ತಿಲ್ಲ.

ಆ ಕಾಲದ ನಾಟಕಕ್ಕೆ ಪರದೆಗಳೇ ಬೆನ್ನೆಲುಬು. ಅರಮನೆ ಪರದೆ, ಕಾಡಿನ ಪರದೆ, ಮುಂದುಗಡೆ ರಸ್ತೆಯ ಪರದೆ. ದರ್ಬಾರಿನ ದೃಶ್ಯ ಮುಗಿದು ಕೈಲಾಸದ ದೃಶ್ಯ ಬರಬೇಕಾದರೆ ಹಿಂದೆ ಸಿಂಹಾಸನ ಎಳೆಯಬೇಕು, ಹಲಗೆ ಜೋಡಿಸಬೇಕು, ಮೊಳೆ ಹೊಡೆಯಬೇಕು. ಅಷ್ಟು ಹೊತ್ತು ಪ್ರೇಕ್ಷಕರನ್ನು ಹಿಡಿದಿಡುವವರು ಯಾರು? ರಸ್ತೆ ಪರದೆ ಇಳಿಬಿಟ್ಟು ಅದರ ಮುಂದೆ ಇಬ್ಬರು ಮೂವರನ್ನು ಕಳಿಸುತ್ತಿದ್ದರು. ಒಬ್ಬ ಸೇವಕ, ಒಬ್ಬ ಜಿಪುಣ ಶೆಟ್ಟಿ, ಒಬ್ಬಳು ಬಾಯಿಬಡುಕಿ ಹೆಂಡತಿ. ಹಿಂದೆ ಕೆಲಸ ಬೇಗ ಮುಗಿದರೆ ಬೇಗ ಒಳಗೆ ಬರಬೇಕು, ಗಾಲಿ ಸಿಕ್ಕಿಕೊಂಡರೆ ಇನ್ನೂ ಐದು ನಿಮಿಷ ಎಳೆಯಬೇಕು. ಬರೆದುಕೊಟ್ಟ ಮಾತು ಮುಗಿದಿರುತ್ತದೆ, ಸ್ವಂತ ಮಾತು ಹುಟ್ಟಬೇಕು. ನಮ್ಮ ಚಿತ್ರಗಳಲ್ಲಿ ಕಥೆಗೆ ಅಂಟಿಯೂ ಅಂಟದ ಹಾಗೆ ಸಾಗುವ ಹಾಸ್ಯದ ಉಪಕಥೆ ಇರುತ್ತದಲ್ಲ, ಅದರ ಮೂಲ ಈ ರಸ್ತೆ ಪರದೆಯ ಮುಂದಿನ ನಾಲ್ಕಡಿ ಜಾಗ. ವಿಮರ್ಶಕರು ಅದನ್ನು ಕಥೆಯ ಓಟಕ್ಕೆ ಅಡ್ಡಿ ಎಂದು ಬೈಯುತ್ತಾರೆ. ಬೈಯಲಿ. ಹಿಂದಿನಿಂದ ಸುತ್ತಿಗೆಯ ಸದ್ದು ಬರುತ್ತಿದ್ದರೂ ಜನ ಎದ್ದು ಹೋಗದಂತೆ ನೋಡಿಕೊಂಡವರಿಂದ ಬಂದ ಕಲೆ ಅದು.

ಇನ್ನು, ಮಾತು ಮರೆತವನಿಗೆ ಪಕ್ಕದ ಮರೆಯಿಂದ ಎತ್ತಿಕೊಡಲು ಪ್ರಾಂಪ್ಟರ್ ಇರುತ್ತಿದ್ದ. ಪರದೆ ಏರಿಸಲು ಇಳಿಸಲು ಸೀಟಿ ಊದುತ್ತಿದ್ದರು. ಕಿವಿ ಮಂದವಾದ ನಟನಿಗೆ ಪ್ರಾಂಪ್ಟರೂ ಇಲ್ಲ, ಸೀಟಿಯೂ ಇಲ್ಲ. ತನ್ನ ಮಾತಷ್ಟೇ ಬಾಯಿಪಾಠ ಮಾಡಿದರೆ ಸಾಲದು, ಎದುರಿನವನ ಮಾತೂ ಬಾಯಿಪಾಠವಾಗಬೇಕು. ಅವನ ತುಟಿ ಎಲ್ಲಿ ನಿಂತಿತು ಎಂದು ನೋಡಿ ತನ್ನ ಮಾತು ಎತ್ತಿಕೊಳ್ಳಬೇಕು. ಬಾಲಕೃಷ್ಣ ಗುಬ್ಬಿ ಕಂಪನಿಯೂ ಸೇರಿದಂತೆ ಕಂಪನಿ ನಾಟಕಗಳಲ್ಲಿ ಪಳಗಿದ್ದು ಹೀಗೆ. ಬಣ್ಣದ ಕೆಲಸ ಬಲ್ಲವರಾದ್ದರಿಂದ ಬೋರ್ಡು ಬರೆಯುವುದು, ಪರದೆಯ ಹಿಂದೆ ದುಡಿಯುವುದು ಎಲ್ಲವೂ ಆಯಿತು. ಕಂಪನಿಯಲ್ಲಿ ಇದು ನನ್ನ ಕೆಲಸ ಅದು ನಿನ್ನ ಕೆಲಸ ಎಂಬ ಮಾತಿಗೆ ಜಾಗವಿರಲಿಲ್ಲ. ಹಗಲು ಪರದೆಗೆ ಬಣ್ಣ ಹಚ್ಚಿದವನ ಮುಖಕ್ಕೇ ರಾತ್ರಿ ಬಣ್ಣ ಬೀಳುತ್ತಿತ್ತು.

1943ರ 'ರಾಧಾರಮಣ' ಅವರ ಮೊದಲ ಚಿತ್ರ. ಜಿ.ವಿ. ಅಯ್ಯರ್ ಅವರೂ ಅದೇ ಚಿತ್ರದಿಂದ ತೆರೆಗೆ ಬಂದರು. ಕನ್ನಡ ಮಾತು ಕಲಿತ ಚಿತ್ರಗಳಿಗೆ ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನ' ತಯಾರಾಗಿದ್ದು ಕೊಲ್ಹಾಪುರದಲ್ಲಿ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಕನ್ನಡ ಚಿತ್ರ ಹುಟ್ಟಿದ್ದೇ ಪರಸ್ಥಳದಲ್ಲಿ, ಬೆಳೆದದ್ದು ಮದರಾಸಿನಲ್ಲಿ. ಮೈಸೂರಿನಲ್ಲಿ ನವಜ್ಯೋತಿ, ಆಮೇಲೆ ಪ್ರೀಮಿಯರ್ ಸ್ಟುಡಿಯೋ ಬಂದರೂ ಲ್ಯಾಬು, ರೆಕಾರ್ಡಿಂಗು, ಹಣಕಾಸು ಎಲ್ಲ ಮದರಾಸಿನ ಕಡೆಗೇ ವಾಲಿದ್ದವು. ಕನ್ನಡದ ನಟ ಎಂದರೆ ಮದರಾಸಿನಲ್ಲಿ ಬಾಡಿಗೆ ಕೋಣೆ ಹಿಡಿದು, ಕಾಲ್‌ಶೀಟಿಗೆ ಕಾದು ಕೂತವನು. ತಮಿಳು, ತೆಲುಗು ಚಿತ್ರಗಳ ಫ್ಲೋರು ಖಾಲಿಯಾದಾಗ ಕನ್ನಡಕ್ಕೆ ಸರದಿ.

ಐವತ್ತರ ದಶಕದಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ನಾಯಕನಿಗೇ ಕೆಲಸವಿಲ್ಲದ ತಿಂಗಳುಗಳು ಬರುತ್ತಿದ್ದವು, ಪೋಷಕ ನಟರ ಪಾಡೇನು? ಆಗ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿದರು. ಚಿತ್ರದ ಕೆಲಸವಿಲ್ಲದಿದ್ದರೆ ನಾಟಕವಿದೆಯಲ್ಲ ಎಂದು ಊರೂರು ಸುತ್ತಿದರು. ತೆರೆಯ ಮೇಲೆ ನೋಡಿದ ಕಣ್ಣಪ್ಪನನ್ನು ಜನ ರಂಗದ ಮೇಲೆ ಕಂಡರು. ಆ ಸಂಘದ ಹೆಸರಿನಲ್ಲೇ 1960ರಲ್ಲಿ 'ರಣಧೀರ ಕಂಠೀರವ' ಬಂತು, ಎನ್.ಸಿ. ರಾಜನ್ ನಿರ್ದೇಶನ, ಅಯ್ಯರ್ ಅವರ ಬರವಣಿಗೆ.

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಚಿತ್ರವನ್ನು ನಾವು ರಾಜ್‌ಕುಮಾರ್ ಅವರ ಐತಿಹಾಸಿಕ ಪಾತ್ರಗಳ ಸಾಲಿನಲ್ಲಿ ಇಡುತ್ತೇವೆ, ಕಂಠೀರವ ನರಸರಾಜ ಒಡೆಯರ ಮಲ್ಲಯುದ್ಧವನ್ನು ನೆನೆಯುತ್ತೇವೆ. ಸರಿ. ಆದರೆ ಅದರ ನಿರ್ಮಾಪಕರ ಸ್ಥಾನದಲ್ಲಿ ಒಬ್ಬ ನಾಯಕ, ಒಬ್ಬ ಬರಹಗಾರ, ಇಬ್ಬರು ಹಾಸ್ಯಪಾತ್ರದವರು ಸಮಪಾಲಿನಲ್ಲಿ ನಿಂತಿದ್ದರು ಎಂಬುದು ನನಗೆ ಮಲ್ಲಯುದ್ಧಕ್ಕಿಂತ ದೊಡ್ಡ ಸಂಗತಿ. ನಟರ ಪಟ್ಟಿಯಲ್ಲಿ ಕೆಳಗಿರುವವನು ಬಂಡವಾಳದ ಪಟ್ಟಿಯಲ್ಲಿ ಮೇಲಿನವನ ಪಕ್ಕದಲ್ಲಿ ಕೂತ. ಇಂದಿನ ಚಿತ್ರರಂಗದಲ್ಲಿ ಅಂಥದ್ದೊಂದು ತೋರಿಸಿ ನೋಡೋಣ. ಚಿತ್ರ ಗೆದ್ದಿತು. ಬಾಲಕೃಷ್ಣ ಅವರಿಗೆ ಮಾತ್ರ ಅದೊಂದು ಚಿತ್ರದ ಗೆಲುವಾಗಿ ಮುಗಿಯಲಿಲ್ಲ ಎಂದು ನನ್ನ ಎಣಿಕೆ. ಕರೆ ಬರುವವರೆಗೆ ಕಾಯುವ ನಟನೇ ಇನ್ನೊಬ್ಬರನ್ನು ಕರೆಯಬಹುದು ಎಂಬ ಯೋಚನೆ ಅಲ್ಲಿ ಬೇರುಬಿಟ್ಟಿರಬೇಕು. ಮೈಲಸಂದ್ರದ ಕಥೆಯ ಬೀಜ ಅಲ್ಲಿದೆ.

ಈಗ ಅಭಿನಯಕ್ಕೆ ಬರುತ್ತೇನೆ.

ಬಾಲಕೃಷ್ಣ ಅವರ ಪಾತ್ರಗಳನ್ನು ಎರಡು ಗುಂಪು ಮಾಡುವುದು ವಾಡಿಕೆ: ಕೇಡಿಗನ ಪಾತ್ರ, ಹಾಸ್ಯದ ಪಾತ್ರ. ನನಗೆ ಈ ವಿಂಗಡಣೆ ಒಪ್ಪಿಗೆಯಿಲ್ಲ. ಅವರ ಕೇಡಿಗ ಕತ್ತಿ ಹಿಡಿಯುವವನಲ್ಲ. ಎರಡು ಮನೆಗಳ ನಡುವೆ ಕಡ್ಡಿ ಗೀರಿಟ್ಟು ಏನೂ ತಿಳಿಯದವನ ಹಾಗೆ ಜಗಲಿಯ ಮೇಲೆ ಕೂರುವವನು. ಬಡ್ಡಿಯ ಸಾಹುಕಾರನಿಗೆ ಲೆಕ್ಕ ಹೇಳಿಕೊಡುವವನು, ಆಸ್ತಿಯಿದ್ದ ಮನೆಗೆ ಬಂದು ಸೇರಿಕೊಳ್ಳುವ ಸೋದರಮಾವ. ಮಾತು ಎಳೆದು ಎಳೆದು ಬರುತ್ತದೆ, ಜೇನು ಸವರಿದ ಹಾಗೆ. ನಾವು ನಗುತ್ತೇವೆ, ನಗುತ್ತಲೇ ಅವನ ಮೇಲೆ ಸಿಟ್ಟಾಗುತ್ತೇವೆ. ನಮ್ಮ ಊರುಗಳಲ್ಲಿ ಕೇಡು ನಡೆಯುವುದು ಹೆಚ್ಚಾಗಿ ಇಂಥವರಿಂದಲೇ. ಖಳನಟ ವಜ್ರಮುನಿ ಕಣ್ಣು ಕೆಂಪಗೆ ಮಾಡಿದಾಗ ಅದು ಸಿನಿಮಾ ಎಂದು ನಮಗೆ ಗೊತ್ತಿರುತ್ತದೆ. ಬಾಲಣ್ಣ ಒಂದು ನಗೆ ನಕ್ಕರೆ ಪಕ್ಕದ ಬೀದಿಯ ಯಾರೋ ಒಬ್ಬರು ನೆನಪಾಗುತ್ತಾರೆ.

ಅವರನ್ನು ತೆರೆಯ ಮೇಲೆ ನೋಡುವಾಗ ಒಂದನ್ನು ಗಮನಿಸಿ. ಎದುರಿನವನು ಮಾತನಾಡುವಾಗ ಅವರ ಕಣ್ಣು ಎಲ್ಲಿರುತ್ತದೆ? ಸಾಮಾನ್ಯ ನಟ ಎದುರಿನವನ ಕಣ್ಣು ನೋಡುತ್ತಾನೆ, ಇಲ್ಲವೇ ಕ್ಯಾಮೆರಾಕ್ಕೆ ತನ್ನ ಮುಖ ಸಿಗುವಂತೆ ಅರ್ಧ ತಿರುಗುತ್ತಾನೆ. ಬಾಲಕೃಷ್ಣ ನೋಡುವುದು ಬಾಯನ್ನು. ಕತ್ತು ಸ್ವಲ್ಪ ಮುಂದಕ್ಕೆ ಚಾಚಿ, ತಲೆ ಒಂದಿಷ್ಟು ವಾಲಿಸಿ, ಎದುರಿನವನ ತುಟಿಯ ಮೇಲಿಂದ ಕಣ್ಣು ಕೀಳದೆ. ಅದು ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿದವನ ಅಗತ್ಯ. ಚಿತ್ರೀಕರಣಕ್ಕೆ ಮುಂಚೆ ದೃಶ್ಯದಲ್ಲಿರುವ ಎಲ್ಲರ ಸಂಭಾಷಣೆಯನ್ನೂ ಅವರು ಕಲಿತುಕೊಳ್ಳುತ್ತಿದ್ದರು ಎಂದು ಜೊತೆಯಲ್ಲಿ ಕೆಲಸ ಮಾಡಿದವರೆಲ್ಲ ಹೇಳಿದ್ದಾರೆ. ಮಾತು ಎಲ್ಲಿ ಮುಗಿಯುತ್ತದೆ ಎಂಬುದನ್ನು ತುಟಿ ಹೇಳುತ್ತದೆ, ಆಗ ಇವರದು ಶುರು.

ಈ ನೋಟದಿಂದ ತೆರೆಯ ಮೇಲೆ ಏನಾಯಿತು ನೋಡಿ. ಪಾತ್ರ ಕೆಟ್ಟದ್ದಾದರೆ ಅದೇ ನೋಟ ದುರಾಸೆಯಾಗಿ ಕಾಣುತ್ತದೆ. ಎದುರಿನವನ ಬಾಯಿಂದ ಬೀಳುವ ಗುಟ್ಟನ್ನು ನೆಲ ಮುಟ್ಟುವ ಮೊದಲೇ ಹಿಡಿದುಕೊಳ್ಳಲು ಕಾದವನ ಹಾಗೆ. ಪಾತ್ರ ಒಳ್ಳೆಯದಾದರೆ ಅದೇ ನೋಟ ಅಕ್ಕರೆಯಾಗುತ್ತದೆ. ನಟ ಬದಲಾಯಿಸಿದ್ದು ಏನೂ ಇಲ್ಲ. ಸುತ್ತಲಿನ ಕಥೆ ಬದಲಾಗಿದೆ, ಅಷ್ಟೇ.

'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ತೆಗೆದುಕೊಳ್ಳಿ. 1972. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ. ಪಟ್ಟಣದ ರಾಜೀವ ಅಕ್ಕನ ಸಂಸಾರಕ್ಕೆ ಆಸರೆಯಾಗಲು ಹಳ್ಳಿಯಲ್ಲಿ ಉಳಿಯುತ್ತಾನೆ, ಕಲ್ಲುನೆಲ ಹಸನು ಮಾಡಲು ಹೊರಡುತ್ತಾನೆ. ಊರು ನಗುತ್ತದೆ. ಅವನ ಬೆನ್ನಿಗೆ ನಿಲ್ಲುವವನು ರಾಚೂಟಪ್ಪ. ಈ ಕಥೆಯ ಭಾರವೆಲ್ಲ ರಾಜೀವನ ಮೇಲಿದೆ ಎನ್ನುವುದು ಸರಿ. ಆದರೆ ಓದಿದ ಹುಡುಗನೊಬ್ಬ ಬೇಸಾಯದ ಬಗ್ಗೆ ದೊಡ್ಡ ದೊಡ್ಡ ಮಾತನಾಡಿದರೆ ಹಳ್ಳಿಯ ಪ್ರೇಕ್ಷಕ ಯಾಕೆ ನಂಬಬೇಕು? ಭೂಮಿ ಗೊತ್ತಿದ್ದ ಒಬ್ಬ ಹಿರಿಯ ಅವನ ಮಾತನ್ನು ನಂಬಿದ್ದು ಕಂಡಿದೆ, ಅದಕ್ಕೆ. ರಾಜ್‌ಕುಮಾರ್ ಮಾತನಾಡುವಾಗ ರಾಚೂಟಪ್ಪನ ಮುಖ ನೋಡಿ. ಪ್ರತಿ ವಾಕ್ಯ ಆ ಮುಖದ ಮೇಲೆ ಇಳಿದು, ತೂಗಿ, ಒಪ್ಪಿಗೆ ಪಡೆದು ನಮ್ಮ ಕಡೆಗೆ ಬರುತ್ತದೆ. ಆ ಚಿತ್ರ ನೋಡಿ ನೌಕರಿ ಬಿಟ್ಟು ಊರಿಗೆ ಮರಳಿದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಅದರ ಕೀರ್ತಿಯಲ್ಲಿ ರಾಚೂಟಪ್ಪನಿಗೂ ಒಂದು ಪಾಲು ಕೊಡಬೇಕೆಂದು ನನ್ನ ವಾದ.

ಅದೇ 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' ಬಂತು. ಅಲ್ಲಿ ಚಾಮಯ್ಯ ಮೇಷ್ಟ್ರು, ಕೆ.ಎಸ್. ಅಶ್ವಥ್. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. 1955ರ 'ಸ್ತ್ರೀರತ್ನ'ದಿಂದ ಬಂದ ಅಶ್ವಥ್ ಕಂಪನಿ ನಾಟಕದ ಗಂಟಲಿನವರಲ್ಲ. ಅವರ ಕೆಲಸ ನಡೆಯುವುದು ಒಳಗಡೆ, ಗಂಟಲು ಕಟ್ಟಿದ ಸ್ವರದಲ್ಲಿ, ಕೆಳಗಿಳಿದ ರೆಪ್ಪೆಯಲ್ಲಿ. ಶಿಷ್ಯ ರಾಮಾಚಾರಿಯ ಮುಂದೆ ಮೇಷ್ಟ್ರು ಹೆಚ್ಚು ಮಾತನಾಡಬೇಕಾಗಿಲ್ಲ. ಅವರ ಮೌನಕ್ಕೆ ಅವನು ಸೋಲುತ್ತಾನೆ, ಸೋತು ತನ್ನ ಬಾಳನ್ನೇ ಕೆಡಿಸಿಕೊಳ್ಳುತ್ತಾನೆ. ಬಾಲಕೃಷ್ಣ ಹೊರಮುಖಿ. ಎಲ್ಲವೂ ಕತ್ತು, ಕೈ, ತುಟಿ, ಕಣ್ಣುಗಳಲ್ಲಿ ಬರೆದಿರುತ್ತದೆ, ಬೋರ್ಡು ಬರೆದವರಲ್ಲವೇ, ದೂರದಿಂದ ಓದಲು ಬರುವಂತೆ. ಇದನ್ನು ಅತಿ ಎನ್ನುವವರುಂಟು. ಕೆಲವು ಚಿತ್ರಗಳಲ್ಲಿ ಅತಿಯಾಗಿದೆ, ನಾನೂ ಒಪ್ಪುತ್ತೇನೆ. ಕಥೆ ಸಡಿಲವಾಗಿದ್ದರೆ ಅವರು ರಸ್ತೆ ಪರದೆಯ ಮುಂದಿನ ಹಳೆಯ ಅಭ್ಯಾಸಕ್ಕೆ ಹೋಗಿಬಿಡುತ್ತಿದ್ದರು. ಐನೂರು ಚಿತ್ರಗಳಲ್ಲಿ ಬಿಗಿಯಾದ ಚಿತ್ರಕಥೆ ಎಷ್ಟಕ್ಕಿತ್ತು ಎಂದೂ ಕೇಳಿಕೊಳ್ಳಬೇಕು.

ಮೂರನೆಯವರಾಗಿ ಲೋಕನಾಥ್ ಅವರನ್ನು ಹೇಳದೆ ಮುಂದೆ ಹೋಗಲಾರೆ. 'ಭೂತಯ್ಯನ ಮಗ ಅಯ್ಯು' ಚಿತ್ರದ ಉಪ್ಪಿನಕಾಯಿಯ ದೃಶ್ಯ ಹೇಳಿದರೆ ಸಾಕು, ಸಭೆಯ ಬಾಯಲ್ಲಿ ನೀರು. 1974ರ ಚಿತ್ರ, ಒಂದು ತುಣುಕು ದೃಶ್ಯ, ಅರ್ಧ ಶತಮಾನ ಅದೇ ಹೆಸರು ಬೆನ್ನಿಗೆ ಅಂಟಿತು. 'ಕಾಕನಕೋಟೆ'ಯಂಥ ನಾಟಕದಲ್ಲಿ ದೊಡ್ಡ ಪಾತ್ರ ಮಾಡಿದವರನ್ನು ನಾವು ಉಪ್ಪಿನಕಾಯಿಯ ಜಾಡಿಯಲ್ಲಿ ಇಟ್ಟೆವು. ಪೋಷಕ ನಟನಿಗೆ ಜನಪ್ರಿಯತೆ ಬರುವುದು ಹೀಗೆ, ಒಂದು ಹಿಡಿಕೆ ಸಿಕ್ಕರೆ ಅದನ್ನೇ ಹಿಡಿದು ಎತ್ತುತ್ತಾರೆ. ಬಾಲಕೃಷ್ಣ ಅವರಿಗೆ ಅಂಥ ಒಂದೇ ದೃಶ್ಯ ಇಲ್ಲ. ನನಗೆ ಅದು ಅವರ ಅದೃಷ್ಟ ಎನ್ನಿಸುತ್ತದೆ.

ಐನೂರು ಚಿತ್ರ ಯಾಕೆ ಮಾಡಿದರು ಎಂಬ ಪ್ರಶ್ನೆಗೆ ಉತ್ತರ ಸರಳ: ಹೊಟ್ಟೆಪಾಡು. ನಾಯಕನಿಗೆ ಚಿತ್ರಕ್ಕಿಷ್ಟು ಎಂದು ಮೊತ್ತ ಗೊತ್ತಾಗುತ್ತದೆ. ಪೋಷಕ ನಟನಿಗೆ ದಿನದ ಲೆಕ್ಕ. ನಾಲ್ಕು ದಿನದ ಕೆಲಸವಿದ್ದರೆ ನಾಲ್ಕು ದಿನದ ಸಂಬಳ. ಅಂದರೆ ಸಂಸಾರ ನಡೆಯಲು ವರ್ಷಕ್ಕೆ ಹತ್ತಾರು ಚಿತ್ರ ಬೇಕೇ ಬೇಕು. ಬೆಳಿಗ್ಗೆ ಒಂದು ಸ್ಟುಡಿಯೋದಲ್ಲಿ ಪುರಾಣದ ಮಂತ್ರಿ, ಮಧ್ಯಾಹ್ನ ಇನ್ನೊಂದರಲ್ಲಿ ಪಂಚೆ ಉಟ್ಟ ಶಾನುಭೋಗ. ನಿರ್ಮಾಪಕ ಮುಳುಗಿದರೆ ಕೊಟ್ಟ ಚೆಕ್ಕೂ ಮುಳುಗಿತು. ಇದು ಒಬ್ಬರ ಕಥೆಯಲ್ಲ, ಆ ತಲೆಮಾರಿನ ಪೋಷಕ ನಟರ ಬದುಕು ನಡೆದದ್ದೇ ಹೀಗೆ.

ಇಂಥ ಲೆಕ್ಕದಲ್ಲಿ ಬದುಕಿದ ನಟನೊಬ್ಬ ಸ್ಟುಡಿಯೋ ಕಟ್ಟುತ್ತೇನೆಂದು ಹೊರಟಿದ್ದು ಅರವತ್ತರ ದಶಕದ ಕೊನೆಯಲ್ಲಿ. ಕಾಲ ಅದಕ್ಕೆ ಅನುಕೂಲವಾಗಿ ಕಾಣುತ್ತಿತ್ತು. ಕನ್ನಡ ಚಿತ್ರರಂಗ ಮದರಾಸು ಬಿಟ್ಟು ಬರಬೇಕು ಎಂಬ ಕೂಗು ಎದ್ದಿತ್ತು. 1966ರಲ್ಲಿ ಸರ್ಕಾರ ಕಂಠೀರವ ಸ್ಟುಡಿಯೋ ಸ್ಥಾಪಿಸಿತು. ರಾಜ್ಯದೊಳಗೆ ತಯಾರಾದ ಚಿತ್ರಗಳಿಗೆ ಸಹಾಯಧನ ಕೊಡುವ ಯೋಜನೆಯೂ ಬಂತು. ಸಹಾಯಧನ ಬೇಕೆಂದರೆ ಇಲ್ಲೇ ಚಿತ್ರೀಕರಿಸಬೇಕು, ಇಲ್ಲಿ ಚಿತ್ರೀಕರಿಸಲು ಫ್ಲೋರು ಬೇಕು. ಬಾಲಕೃಷ್ಣ ಅವರಿಗೆ ಮೈಲಸಂದ್ರದಲ್ಲಿ ಇಪ್ಪತ್ತು ಎಕರೆ ಜಮೀನನ್ನು ಸರ್ಕಾರ ಮಂಜೂರು ಮಾಡಿತು, ಸ್ಟುಡಿಯೋಗೆಂದೇ ಬಳಸಬೇಕು ಎಂಬ ಷರತ್ತಿನ ಮೇಲೆ. ಆಗ ಈ ಭಾಗ ಹೇಗಿತ್ತೆಂದು ನಿಮ್ಮಲ್ಲಿ ಹಳಬರೇ ಹೇಳಬೇಕು. ವಸಂತ ವಲ್ಲಭರಾಯ ಸ್ವಾಮಿಯ ಗುಡಿ, ಕಲ್ಯಾಣಿಗಳು, ರಾಗಿ ಹೊಲ, ಆಚೆಗೆ ತುರಹಳ್ಳಿಯ ಬಂಡೆ. ಅಲ್ಲಿಗೆ ಕ್ಯಾಮೆರಾ, ಲೈಟು, ಜನರೇಟರ್ ಹೊತ್ತುಕೊಂಡು ಚಿತ್ರತಂಡಗಳು ಬರುತ್ತವೆ ಎಂದು ನಂಬುವುದಕ್ಕೆ ಎದೆಗಾರಿಕೆ ಬೇಕಿತ್ತು. ಹೆಸರೂ ನೋಡಿ, ತನ್ನ ಹೆಸರನ್ನೋ ದೇವರ ಹೆಸರನ್ನೋ ಇಡಲಿಲ್ಲ, ಅಭಿಮಾನ್ ಎಂದರು.

ಸ್ಟುಡಿಯೋ ಯಾಕೆ ಕುಂಟಿತು ಎಂಬುದಕ್ಕೆ ಹಣದ ಕೊರತೆ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ದಿನಗೂಲಿಯ ಲೆಕ್ಕದಲ್ಲಿ ದುಡಿದವನ ಉಳಿತಾಯದಿಂದ ಫ್ಲೋರು ಏಳುವುದಿಲ್ಲ, ಎದ್ದರೂ ಲೈಟು ಬರುವುದಿಲ್ಲ. ಆದರೆ ಇನ್ನೊಂದು ಕಾರಣವನ್ನು ನಾನು ಮುಂದಿಡುತ್ತೇನೆ. ಅವರು ಸ್ಟುಡಿಯೋ ಕಟ್ಟಲು ಶುರುಮಾಡಿದ ಹೊತ್ತಿಗೇ ಕನ್ನಡ ಸಿನಿಮಾ ಸ್ಟುಡಿಯೋದಿಂದ ಹೊರಗೆ ಕಾಲಿಟ್ಟಿತ್ತು. 1970ರ 'ಸಂಸ್ಕಾರ' ಶೃಂಗೇರಿ ಹತ್ತಿರದ ವೈಕುಂಠಪುರ ಅಗ್ರಹಾರಕ್ಕೆ ಹೋಯಿತು. 'ನಾಗರಹಾವು' ಚಿತ್ರದುರ್ಗದ ಕೋಟೆ ಹತ್ತಿತು. 'ಭೂತಯ್ಯನ ಮಗ ಅಯ್ಯು' ಚಿಕ್ಕಮಗಳೂರು ಬಳಿಯ ಕಳಸಾಪುರದಲ್ಲಿ ಬೀಡುಬಿಟ್ಟಿತು. ನಿಜವಾದ ಕೋಟೆ, ನಿಜವಾದ ಮನೆ, ನಿಜವಾದ ಮಳೆ ಸಿಗುವಾಗ ತಗಡಿನ ಛಾವಣಿಯ ಕೆಳಗೆ ಪ್ಲೈವುಡ್ ಮನೆ ಯಾರಿಗೆ ಬೇಕು? ಪರದೆಯ ಮುಂದೆ ಬೆಳೆದ ನಟನಿಗೆ ನಾಲ್ಕು ಗೋಡೆಯ ಒಳಗಿನ ಅರಮನೆಯೇ ಸಿನಿಮಾ. ಅವರು ಕಟ್ಟಿದ್ದು ತಾವು ಬಲ್ಲ ಸಿನಿಮಾಕ್ಕೆ ಬೇಕಾದ ಮನೆಯನ್ನು, ಆ ಸಿನಿಮಾ ಮನೆ ಖಾಲಿ ಮಾಡುತ್ತಿತ್ತು. ಮುಂದೆ ಎಂಬತ್ತರ ದಶಕದಲ್ಲಂತೂ ಜಯನಗರ, ಬನಶಂಕರಿಯ ಮನೆಗಳನ್ನೇ ದಿನದ ಬಾಡಿಗೆಗೆ ಹಿಡಿದು ಚಿತ್ರೀಕರಿಸುವುದು ವಾಡಿಕೆಯಾಯಿತು. ನಿಮ್ಮ ನೆಂಟರ ಮನೆಯ ಮೆಟ್ಟಿಲನ್ನು ಯಾವುದೋ ಸಿನಿಮಾದಲ್ಲಿ ಕಂಡು ನೀವು ಕೂಗಿದ್ದಿರಬಹುದು.

ಟೆಲಿವಿಷನ್ ಬಗ್ಗೆ ಹೇಳದೆ ಈ ಲೆಕ್ಕ ಮುಗಿಯದು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ಕೆಲವರಿಗೆ ಅದು ಎರಡನೇ ಬಾಳು ಕೊಟ್ಟಿತು. ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ನಮ್ಮ ರಂಗಭೂಮಿಯ, ಸಿನಿಮಾದ ಮುಖಗಳೆಲ್ಲ ದೇಶದ ಮನೆಗಳನ್ನು ಹೊಕ್ಕವು. ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡ, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಒಂದು ಕಂತಿನಲ್ಲಿ ಗುಮಾಸ್ತನಾಗಿ ವಿಷ್ಣುವರ್ಧನ್, ನಾಯಕನಟ ಪೋ‍ಷಕ ನಟನ ಕುರ್ಚಿಯಲ್ಲಿ ಕೂತ ಅಪರೂಪದ ಸಂದರ್ಭ, ಚೆನ್ನಾಗಿಯೇ ಕೂತರು. ಆಮೇಲೆ ಬಂದ ಧಾರಾವಾಹಿಗಳ ಯುಗ ಪೋಷಕ ನಟರದೇ ಯುಗ. ದತ್ತಣ್ಣನವರಂಥವರಿಗೆ ಅಲ್ಲಿ ಉಸಿರಾಡಲು ಜಾಗ ಸಿಕ್ಕಿತು, ಪಾತ್ರ ನಿಧಾನವಾಗಿ ಬೆಳೆಯಲು ವಾರಗಟ್ಟಲೆ ಸಮಯ ಸಿಕ್ಕಿತು.

ಬಾಲಕೃಷ್ಣ ಅವರ ವಯಸ್ಸಿಗೆ ಆ ಬಸ್ಸು ತಡವಾಗಿ ಬಂತು. 1994ರಲ್ಲಿ ಉದಯ ಟಿವಿ ಶುರುವಾಯಿತು, 1995ರ ಜುಲೈನಲ್ಲಿ ಅವರು ತೀರಿಕೊಂಡರು. ಆದರೆ ಟಿವಿಯಲ್ಲಿ ಅವರಷ್ಟು ಹೊತ್ತು ಕಾಣಿಸಿಕೊಂಡ ನಟರು ಕಡಿಮೆ. ವಾರಕ್ಕೊಂದು ಕನ್ನಡ ಚಿತ್ರ ಎಂದು ಇಡೀ ಬೀದಿ ಒಂದೇ ಮನೆಯಲ್ಲಿ ಕೂತು ನೋಡುತ್ತಿದ್ದ ದಿನಗಳಲ್ಲಿ ಒಮ್ಮೆ, ಖಾಸಗಿ ವಾಹಿನಿಗಳು ದಿನಕ್ಕೆ ಮೂರು ಹಳೆಯ ಚಿತ್ರ ಹಾಕತೊಡಗಿದ ಮೇಲೆ ಮತ್ತೊಮ್ಮೆ, ಅವರು ಮನೆಮಂದಿಯಾದರು. ಥಿಯೇಟರಿನಲ್ಲಿ ಒಂದು ಚಿತ್ರವನ್ನು ಒಂದು ಸಲ ನೋಡಿದವನ ಕಣ್ಣು ನಾಯಕನ ಮೇಲಿರುತ್ತದೆ. ಟಿವಿಯಲ್ಲಿ ಅದೇ ಚಿತ್ರ ಹತ್ತನೇ ಸಲ ಬಂದಾಗ, ಕೈಯಲ್ಲಿ ಹುರುಳಿಕಾಯಿ ಸೋಸುತ್ತಾ ನೋಡುವ ಅಜ್ಜಿಗೆ ಕಥೆ ಗೊತ್ತಿದೆ, ಕಣ್ಣು ಪಕ್ಕದವರ ಕಡೆ ಹೋಗುತ್ತದೆ. ಹಾಗೆ ಒಂದು ಇಡೀ ತಲೆಮಾರು ಬಾಲಣ್ಣನನ್ನು ಕಂಡುಕೊಂಡಿತು. ಚಿತ್ರವನ್ನು ವಾಹಿನಿಗೆ ಮಾರಿದ ದುಡ್ಡು ಹಕ್ಕು ಇದ್ದವರಿಗೆ ಹೋಯಿತು. ನಾಲ್ಕು ದಿನದ ಸಂಬಳ ಪಡೆದವರ ಲೆಕ್ಕ 1960ರಲ್ಲೋ 1972ರಲ್ಲೋ ಚುಕ್ತಾ ಆಗಿತ್ತು.

ಮೈಲಸಂದ್ರದ ಜಮೀನಿನ ಕಥೆ ನಿಮಗೆ ಪತ್ರಿಕೆಗಳಿಂದ ಗೊತ್ತು. ಅವರ ನಂತರ ಒಂದಷ್ಟು ಭಾಗ ಕೈಬದಲಾಯಿತು, ವ್ಯಾಜ್ಯಗಳು ನ್ಯಾಯಾಲಯ ಹತ್ತಿದವು. ವಿಷ್ಣುವರ್ಧನ್ ಸ್ಮಾರಕ ಇಲ್ಲೇ ಆಗಬೇಕೆಂದು ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಿದರು. ಸರ್ಕಾರದ ಸ್ಮಾರಕ 2023ರ ಜನವರಿಯಲ್ಲಿ ಮೈಸೂರಿನ ಉದ್ಬೂರಿನ ಬಳಿ ಉದ್ಘಾಟನೆಯಾಯಿತು. 2025ರ ಆಗಸ್ಟಿನಲ್ಲಿ ಅಭಿಮಾನ್ ಸ್ಟುಡಿಯೋದೊಳಗಿನ ಸಮಾಧಿಯನ್ನು ಕೆಡವಲಾಯಿತು, ಅದರ ಬೆನ್ನಿಗೇ ಈ ಜಮೀನನ್ನು ವಾಪಸು ಪಡೆಯುವ ಪ್ರಕ್ರಿಯೆಯನ್ನು ಸರ್ಕಾರ ಆರಂಭಿಸಿತು. ಆ ವಿವಾದದ ನ್ಯಾಯಾನ್ಯಾಯ ತೀರ್ಮಾನಿಸುವ ಜಾಗ ಇದಲ್ಲ, ನನಗೆ ಆ ಯೋಗ್ಯತೆಯೂ ಇಲ್ಲ. ನನ್ನ ಸಂಕಟ ಬೇರೆ. ಆ ದಿನಗಳಲ್ಲಿ ಟಿವಿಯಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯಿತು. ಎಕರೆ ಎಷ್ಟು, ಬೆಲೆ ಎಷ್ಟು, ಯಾರ ಪಾಲು ಎಷ್ಟು ಎಂದೆಲ್ಲ ಬಂತು. ಬಾಲಕೃಷ್ಣ ಎಂಬ ಹೆಸರು ಪಹಣಿಯಲ್ಲಿನ ಮೊದಲ ಖಾತೆದಾರನ ಹೆಸರಿನಂತೆ ಬಂದು ಹೋಯಿತು, ನಟನ ಹೆಸರಾಗಿ ಬರಲಿಲ್ಲ. ಆ ಜಾಗ ಮುಂದೆ ಕಾಡಾಗಲಿ, ಸ್ಮಾರಕವಾಗಲಿ, ಅಲ್ಲಿ ಅವರ ಹೆಸರಿನದೊಂದು ಫಲಕ ಇರಬೇಕೆಂದು ಕೇಳುವುದು ಈ ಭಾಗದ ನಿವಾಸಿಗಳಿಗೆ ದೊಡ್ಡ ಕೆಲಸವಲ್ಲ. ಅರ್ಜಿ ಬರೆಯುವವರಿದ್ದರೆ ಮೊದಲ ಸಹಿ ನನ್ನದು. ಬೋರ್ಡನ್ನು ಮಾತ್ರ ಕೈಯಲ್ಲಿ ಬರೆಸಿ, ಫ್ಲೆಕ್ಸ್ ಬೇಡ. ಅವರು ಮಾಡಿದ ಮೊದಲ ಕಸುಬಿಗೆ ಅಷ್ಟು ಮರ್ಯಾದೆ ಸಲ್ಲಲಿ.

ಸಂಘಟಕರು ಈಗ 'ಬಂಗಾರದ ಮನುಷ್ಯ'ದ ಎರಡು ದೃಶ್ಯ ತೋರಿಸಲಿದ್ದಾರೆ. ನನ್ನ ಕೋರಿಕೆಯ ಮೇರೆಗೆ ಮೊದಲ ಸಲ ಧ್ವನಿ ಇಲ್ಲದೆ ಹಾಕುತ್ತಾರೆ, ಮೈಕಿನವರು ಗಾಬರಿಯಾಗುವುದು ಬೇಡ. ಎರಡನೇ ಸಲ ಧ್ವನಿ ಸಮೇತ. ಮೊದಲ ಸಲ ರಾಜ್‌ಕುಮಾರ್ ಅವರನ್ನು ನೋಡಬೇಡಿ, ಕಷ್ಟ ಎಂದು ನನಗೆ ಗೊತ್ತು. ಆಮೇಲೆ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಲೈಟ್ ಆರಿಸಿ.